ಅತ್ತೆಯವರ ಕೈಯಳತೆಯ ನಾನ್‌ಕಟಾಯಿ, ನಮ್ಮ ಮನೆಯ ಒಟಿಜಿ: ಹೇಗೆ ಹೊಂದಿಸುವುದು?

ಗದಗಿನ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 79 ವರ್ಷ. ಮಾವನವರು ತೀರಿಕೊಂಡ ಮೇಲೆ ಗದಗಿನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ನಮ್ಮ ಜೊತೆಗೆ ಇರಲು ಬಂದಿದ್ದಾರೆ. ಮೊಣಕಾಲು ನೋವು ಇದೆ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದು ಕಣ್ಣು ಬಾಕಿ ಇದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ದಿನವೆಲ್ಲ ಕಿಟಕಿಯ ಪಕ್ಕ ಕುಳಿತು ಜಪಮಾಲೆ ಹಿಡಿದಿರುತ್ತಾರೆ, ಮಾತು ಕಡಿಮೆಯಾಗಿದೆ.

ಮೊನ್ನೆ ಊಟದ ಹೊತ್ತಿನಲ್ಲಿ ತಾವಾಗಿಯೇ “ದೀಪಾವಳಿಗೆ ನಾನ್‌ಕಟಾಯಿ ಮಾಡೋಣವೇನು?” ಎಂದರು. ಇಲ್ಲಿಗೆ ಬಂದ ಮೇಲೆ ಅವರು ಬಾಯಿಬಿಟ್ಟು ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು. ಅದಕ್ಕೇ ಇದು ಚೆನ್ನಾಗಿ ಆಗಲೇಬೇಕು ಎಂದು ನನಗೆ ಹಟ.

ಗದಗಿನಲ್ಲಿ ಅವರು ಮನೆಯಲ್ಲಿ ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಕರಿಯವರ ತಗಡಿನ ತಟ್ಟೆಗಳಲ್ಲಿ ಜೋಡಿಸಿ, ಓಣಿಯ ಭಟ್ಟಿಗೆ ಕಳಿಸಿ ಬೇಯಿಸಿ ತರಿಸುತ್ತಿದ್ದರು. ಹಬ್ಬದ ಮುಂಚೆ ಮನೆಮನೆಯ ತಟ್ಟೆಗಳೂ ಅಲ್ಲಿ ಸಾಲಾಗಿರುತ್ತಿದ್ದವಂತೆ. ಯಾವ ತಟ್ಟೆ ಯಾರದು ಎಂದು ತಿಳಿಯಲು ಚೀಟಿ ಇಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಇರುವುದು ಒಂದು ಒಟಿಜಿ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್), ಅದರಲ್ಲಿ ನಾನು ಕೇಕ್ ಬಿಟ್ಟು ಬೇರೇನೂ ಮಾಡಿಲ್ಲ. ಅಳತೆ ಕೇಳಿದರೆ “ತುಪ್ಪ ಸಕ್ಕರೆ ಸರಿಸಮ, ಹಿಟ್ಟು ಹಿಡಿಸಿದಷ್ಟು” ಎನ್ನುತ್ತಾರೆ. ಬೇಕರಿಯವರು ಒಂದು ಪುಡಿ ಕೊಡುತ್ತಿದ್ದರು, ಅದು ಬೇಕೇ ಬೇಕು ಎನ್ನುತ್ತಾರೆ. ಡಾಲ್ಡಾ ಕೂಡ ಬೇಕಂತೆ.

ಮಗನಿಗೆ 10, ಮಗಳಿಗೆ 6. ಇಬ್ಬರೂ ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು “ಹೀಗಲ್ಲ ಅಜ್ಜೀ, ಹಾಗೆ” ಎಂದು ಅವರಿಗೇ ಪಾಠ ಹೇಳಲು ಶುರುಮಾಡುತ್ತಾರೆ ಎಂಬ ಭಯ ನನಗಿದೆ. ಅತ್ತೆಯವರು ಕೈಕಟ್ಟಿ ನೋಡುವಂತಾಗಬಾರದು, ಆಯಾಸವೂ ಆಗಬಾರದು. ಮನೆಯ ಹಿರಿಯರ ಜೊತೆ ಹೀಗೆ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಬೆಳಗಾವಿ ತಿಂಡಿಪ್ರಿಯ:

170 ಡಿಗ್ರಿ, 15ರಿಂದ 18 ನಿಮಿಷ, ಮಧ್ಯದ ಹಂತದಲ್ಲಿ ತಟ್ಟೆ. ಮೇಲಿನ ಮತ್ತು ಕೆಳಗಿನ ಕಾಯಿಲ್ ಎರಡೂ ಇರಲಿ. ಉಂಡೆಗಳ ನಡುವೆ ಎರಡು ಬೆರಳು ಜಾಗ ಬಿಡಿ, ಅರಳುತ್ತವೆ. ಉಳಿದದ್ದನ್ನು ಕಾಕು ಅವರು ಬಂದು ಹೇಳುತ್ತಾರೆ, ಅವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

ಧಾರವಾಡದ ಕಾಕು:

ತಂಗೀ, ನಿಮ್ಮ ಬರಹ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಮಾವಶಿಗೆ, ಅಂದರೆ ತಾಯಿಯ ತಂಗಿಗೆ ಅಥವಾ ಅಕ್ಕನಿಗೆ, 84 ವರ್ಷ, ಬಲಗೈ ನಡುಗುತ್ತದೆ, ಕಿವಿ ಮಂದ. ಆದರೂ ನಮ್ಮ ಮನೆಯ ದೀಪಾವಳಿಯ ನಾನ್‌ಕಟಾಯಿ ಇಂದಿಗೂ ಅವರ ಕೈಯಿಂದಲೇ ಆಗುವುದು. ಅದಕ್ಕೆ ಮನೆಯನ್ನು ಹೇಗೆ ಅಣಿ ಮಾಡಿಕೊಂಡಿದ್ದೇವೆ ಎಂದು ಹೇಳುತ್ತೇನೆ.

ಮೊದಲು ಅಳತೆ. ಅವರನ್ನು ಎಷ್ಟು ಗ್ರಾಂ ಎಂದು ಕೇಳಲೇಬೇಡಿ. ಗ್ರಾಂ ಅವರ ಬಾಯಲ್ಲಿ ಇಲ್ಲ, ಅಂಗೈಯಲ್ಲಿದೆ. ಕೆಲಸ ಶುರುವಾಗುವ ಮೊದಲೇ ಮೈದಾ, ಕಡಲೆಹಿಟ್ಟು, ಚಿರೋಟಿ ರವೆ, ಪುಡಿಸಕ್ಕರೆ, ತುಪ್ಪ ಇವುಗಳ ಡಬ್ಬಿಗಳನ್ನು ಒಂದೊಂದಾಗಿ ತೂಗಿ ಬರೆದಿಡಿ. ಆಮೇಲೆ ಡಬ್ಬಿಗಳನ್ನು ಅತ್ತೆಯವರ ಕೈಗೆ ಒಪ್ಪಿಸಿಬಿಡಿ. ಅವರು ಹಿಡಿ ತುಂಬಿ ಹಾಕಲಿ, ಹೆಚ್ಚಾಯಿತೆಂದು ಹಿಂದಕ್ಕೆ ಸುರಿಯಲಿ, ಕೊನೆಯಲ್ಲಿ ಇನ್ನೊಂದು ಚಿಟಿಕೆ ಉದುರಿಸಲಿ, ನಡುವೆ ಯಾರೂ ತಡೆಯಬಾರದು. ಹಿಟ್ಟು ಹದಕ್ಕೆ ಬಂದಿತು ಎಂದು ಅವರು ಹೇಳಿದ ಮೇಲೆ ಡಬ್ಬಿಗಳನ್ನು ಮತ್ತೆ ತೂಗಿ. ಮೊದಲಿನದರಲ್ಲಿ ಈಗಿನದನ್ನು ಕಳೆದರೆ ಉಳಿಯುವುದೇ ಅವರ ಅಳತೆ. ಕಳೆಯುವ ಲೆಕ್ಕ ಮಗನದು. ವಿಡಿಯೊ ಹಾಕುವ ಹುಡುಗನಿಗೆ ತೂಕದ ಯಂತ್ರ ಮತ್ತು ಒಂದು ವಹಿ ಕೊಟ್ಟರೆ ಅವನಿಗೆ ಅಜ್ಜಿಯ ಪ್ರತಿ ಹಿಡಿಯೂ ಮುಖ್ಯವಾಗುತ್ತದೆ.

ನಿಮಗೆ ಧೈರ್ಯಕ್ಕೆ ಇರಲಿ ಎಂದು ನಮ್ಮ ಮಾವಶಿಯ ಕೈಯಿಂದ ಹೀಗೆ ತೂಗಿ ತೆಗೆದ ಲೆಕ್ಕ ಕೊಡುತ್ತೇನೆ: ಮೈದಾ 300 ಗ್ರಾಂ, ಕಡಲೆಹಿಟ್ಟು 60, ಚಿರೋಟಿ ರವೆ 40, ತುಪ್ಪ 225, ಪುಡಿಸಕ್ಕರೆ 200. ಜೊತೆಗೆ ಕಾಲು ಚಮಚ ಅಡುಗೆ ಸೋಡಾ, ಒಂದು ಚಮಚ ಗಟ್ಟಿ ಮೊಸರು, ಚಿಟಿಕೆ ಉಪ್ಪು, ಏಲಕ್ಕಿ, ಸ್ವಲ್ಪ ತುರಿದ ಜಾಜಿಕಾಯಿ. ಚಿಕ್ಕ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರೆ ಮೂವತ್ತೈದರ ಹತ್ತಿರ ಬರುತ್ತವೆ. ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಅತ್ತೆಯವರ ಮುಂದೆ ಓದಬೇಡಿ. ಅವರ ಅಳತೆ ಬೇರೆ ಬಂದರೆ ಅದೇ ನಿಮ್ಮ ಮನೆಯ ನಾನ್‌ಕಟಾಯಿ.

ಈಗ ಕೂರುವ ಜಾಗ. ನಮ್ಮ ಕಡೆಯವರು ಪರಾತ (ಹಿಟ್ಟು ಕಲಸುವ ಅಗಲ ತಟ್ಟೆ) ಎಂದರೆ ನೆಲ, ನೆಲ ಎಂದರೆ ಮಣೆ ಎನ್ನುತ್ತಾರೆ. ಮೊಣಕಾಲು ನೋವಿದ್ದವರನ್ನು ಮಣೆಯ ಮೇಲೆ ಕೂರಿಸಿದರೆ ಏಳುವಾಗ ಜೀವ ಹೋಗುತ್ತದೆ. ಕೈಹಿಡಿ ಇರುವ ಕುರ್ಚಿ ಹಾಕಿ. ಊಟದ ಮೇಜು ಎತ್ತರವಾದರೆ ಮಕ್ಕಳು ಓದುವ ಮೇಜು ತನ್ನಿ. ಕುಳಿತವರ ಮೊಣಕೈಗಿಂತ ಪರಾತ ತುಸು ಕೆಳಗಿರಬೇಕು, ಆಗ ಒತ್ತುವ ಬಲ ಭುಜದಿಂದ ಬರುತ್ತದೆ, ಮಣಿಕಟ್ಟು ನೋಯುವುದಿಲ್ಲ. ಪರಾತದ ಕೆಳಗೆ ಒದ್ದೆ ಬಟ್ಟೆಯನ್ನು ಮಡಚಿ ಇಟ್ಟರೆ ಅದು ಜಾರುವುದಿಲ್ಲ. ಬೆಳಕು ಚೆನ್ನಾಗಿರುವ ಹೊತ್ತು ಆರಿಸಿಕೊಳ್ಳಿ, ಬೆಳಗಿನ ಹತ್ತು ಗಂಟೆ ಒಳ್ಳೆಯದು.

ಅವರಿಗೆ ಕೊಡಬೇಕಾದ ಕೆಲಸ ತುಪ್ಪ ತಿಕ್ಕುವುದು. ಇದನ್ನು ದಯವಿಟ್ಟು ಮಿಕ್ಸಿಗಾಗಲಿ ಬೀಟರಿಗಾಗಲಿ ಬಿಟ್ಟುಕೊಡಬೇಡಿ. ಹೆಪ್ಪುಗಟ್ಟಿದ ಹರಳು ತುಪ್ಪ ಬೇಕು. ಕರಗಿದ್ದರೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಿ. ಗಟ್ಟಿ ಕೊಬ್ಬು ಮಾತ್ರ ಗಾಳಿಯನ್ನು ಹಿಡಿದಿಡುತ್ತದೆ, ಕರಗಿದ ತುಪ್ಪದಲ್ಲಿ ಮಾಡಿದ್ದು ಒಟಿಜಿಯಲ್ಲಿ ಹರಡಿ ಚಪ್ಪಟೆಯಾಗುತ್ತದೆ. ಪುಡಿಸಕ್ಕರೆ ಸೇರಿಸಿ ಅಂಗೈಯ ಬುಡದಿಂದ ಪರಾತದ ಉದ್ದಕ್ಕೂ ಒತ್ತಿ ಎಳೆಯುತ್ತಾರೆ, ಬೆರಳಿನಿಂದ ಬಳಿದು ತಂದು ಮತ್ತೆ ಒತ್ತುತ್ತಾರೆ. ಮೊದಮೊದಲು ಸಕ್ಕರೆ ತಗಡಿನ ಮೇಲೆ ಕರಕರ ಎನ್ನುತ್ತದೆ. ಆಮೇಲೆ ಆ ಸದ್ದು ಸಣ್ಣಗಾಗುತ್ತ ನಿಲ್ಲುತ್ತದೆ. ಹಳದಿ ತುಪ್ಪ ಬಿಳುಪಾಗಿ, ಉಬ್ಬಿ, ಕೈಗೆ ಹಗುರಾಗುತ್ತದೆ. ನಮ್ಮ ಮಾವಶಿ ಕಣ್ಣು ಮುಚ್ಚಿಕೊಂಡೇ “ಆಯಿತು” ಎನ್ನುತ್ತಾರೆ. ಮಂದ ಕಿವಿಗೆ ಕೇಳದ ಆ ಕರಕರ ಅಂಗೈಗೆ ತಿಳಿಯುತ್ತದೆ. ಪೊರೆ ಬಂದ ಕಣ್ಣು ಇದಕ್ಕೆ ಅಡ್ಡಿಯಲ್ಲ ಎಂದು ನಾನು ಹೇಳುವುದು ಇದನ್ನು ನೋಡಿಯೇ. ಕೈ ದಣಿದರೆ ಮೊಮ್ಮಗ ಎದುರು ಕುಳಿತು ಅರ್ಧ ಪಾಲು ತಿಕ್ಕಲಿ. ಅವನಿಗೆ ಹೇಗೆ ಎಂದು ಅವರೇ ಅವನ ಕೈಯ ಮೇಲೆ ಕೈಯಿಟ್ಟು ತೋರಿಸಲಿ.

ಹಿಟ್ಟು ಸೇರಿಸಿದ ಮೇಲೆ ಚಪಾತಿಗೆ ನಾದುವ ಹಾಗೆ ನಾದಬಾರದು. ಮೈದಾಕ್ಕೆ ಜಿಗುಟು ಬಂದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಬರೀ ಕೂಡಿಸಿ ಮುದ್ದೆ ಮಾಡಿದರೆ ಸಾಕು. ಒಂದು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಹದ ಸರಿ. ಬಾಯಿಬಿಟ್ಟು ಸೀಳಿದರೆ ತುಪ್ಪ ಸಾಲದು, ಬಿರುಕೇ ಬರದೆ ಕೈಗೆ ಅಂಟಿದರೆ ಹಿಟ್ಟು ಸಾಲದು. ಈ ತೀರ್ಮಾನ ಪೂರ್ತಿ ಅತ್ತೆಯವರದೇ ಆಗಿರಲಿ.

ಉಂಡೆಯ ನಡುವೆ ಪಿಸ್ತಾ ಚೂರು ಒತ್ತುವುದು ಪುಟ್ಟ ಮಗಳ ಕೆಲಸ. ಅವಳದೇ ಒಂದು ಚಿಕ್ಕ ತಟ್ಟೆ ಕೊಡಿ, ಸೊಟ್ಟಗಿದ್ದರೂ ತಿದ್ದಬೇಡಿ.

ಒಟಿಜಿಗೆ ತುಂಬಿದ ತಟ್ಟೆ ಇಡುವ ಮೊದಲು ಒಂದೇ ಒಂದನ್ನು ಬೇಯಿಸಿ ನೋಡಿ. ಮೊದಲು ಹಸಿ ಕಡಲೆಹಿಟ್ಟಿನ ವಾಸನೆ, ಆಮೇಲೆ ಬೇಸನ್ ಉಂಡೆಗೆ ಹಿಟ್ಟು ಹುರಿಯುವಾಗ ಬರುವ ಘಮ. ಆ ಘಮ ಹಿಡಿದು ‘ತೆಗೆ’ ಎನ್ನಲು ಮನೆಯಲ್ಲಿ ಅವರಿಗಿಂತ ಬಲ್ಲವರು ಯಾರಿದ್ದಾರೆ? ನೀವು ಅದನ್ನು ಹೊರಗೆ ತೆಗೆದು ತಿರುವಿ ತಳ ನೋಡಿ. ತಳ ಹೊಂಬಣ್ಣ, ಮೇಲ್ಭಾಗ ಇನ್ನೂ ಬಿಳುಪಾಗಿದ್ದರೆ ಮುಗಿಯಿತು. ಬಿಸಿಯಲ್ಲಿ ಮೆತ್ತಗಿರುತ್ತದೆ, ಬೆಂದಿಲ್ಲ ಎಂದು ಮತ್ತೆ ಒಳಗಿಡಬೇಡಿ. ತಟ್ಟೆಯಲ್ಲೇ ಆರಿದರೆ ತಾನಾಗಿ ಗರಿಯಾಗುತ್ತದೆ. ಒಟಿಜಿಯ ಗಾಜಿನ ಬಾಗಿಲು ಸುಡುತ್ತದೆ, ತೆಗೆಯುವುದು ಇಡುವುದು ನಿಮ್ಮ ಕೆಲಸ ಮಾತ್ರ.

ಡಾಲ್ಡಾ ವಿಷಯ: 1937ರಲ್ಲಿ ಬಂದ ಆ ಡಬ್ಬಿ ಅವರ ಕಾಲದ ಎಲ್ಲ ಅಡುಗೆಮನೆಗಳಲ್ಲೂ ಇತ್ತು. ತುಪ್ಪ ದುಬಾರಿ, ವನಸ್ಪತಿ ಅಗ್ಗ. ಅದು ಸುಲಭಕ್ಕೆ ಕರಗದ ಕಾರಣ ಬಿಸ್ಕತ್ತಿಗೆ ಒಳ್ಳೆಯ ಆಕಾರವನ್ನೂ ಕೊಡುತ್ತಿತ್ತು. ಹಳೆಯ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಹೆಚ್ಚಾಗಿತ್ತು. 2022ರ ಜನವರಿಯಿಂದ ಅದಕ್ಕೆ ಶೇಕಡಾ 2ರ ಮಿತಿ ಹಾಕಿದ್ದಾರೆ. ಆದರೂ ನಾನು ತುಪ್ಪವನ್ನೇ ಹೇಳುತ್ತೇನೆ. “ಈಗ ತುಪ್ಪಕ್ಕೆ ಬಡತನವಿಲ್ಲ ಅತ್ತೆ, ಧಾರಾಳವಾಗಿ ಹಾಕಿ” ಎಂದು ಹೇಳಿ ನೋಡಿ, ಒಪ್ಪುತ್ತಾರೆ.

ಸಕ್ಕರೆ ಕಾಯಿಲೆಗೆ ಹೆದರಿ ಅವರಿಗೊಂದು ಬೇರೆ, ಸಪ್ಪೆ ನಾನ್‌ಕಟಾಯಿ ಮಾಡಿಡಬೇಡಿ. ಅದು ಮನಸ್ಸಿಗೆ ಚುಚ್ಚುತ್ತದೆ. ವೈದ್ಯರು ಒಪ್ಪಿದಷ್ಟು, ಅರ್ಧವೋ ಒಂದೋ, ಎಲ್ಲರ ಜೊತೆಗೆ ಎಲ್ಲರದೇ ತಟ್ಟೆಯಿಂದ ತಿನ್ನಲಿ. ಹಲ್ಲಿಲ್ಲದವರಿಗೂ ಬಾಯಲ್ಲಿ ಕರಗುವ ತಿಂಡಿ ಇದು.

ಶಾಂತಚಿತ್ತ:

ಎಲ್ಲರೂ ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದೀರಿ. ಆದರೂ ಕೇಳುತ್ತೇನೆ, ಜೀವನವೆಲ್ಲ ಒಲೆಯ ಮುಂದೆ ಕಳೆದವರನ್ನು 79ರಲ್ಲಿ ಮತ್ತೆ ಹಿಟ್ಟಿಗೆ ಹಚ್ಚಬೇಕೇ? ಒಳ್ಳೆಯ ಬೇಕರಿಯಿಂದ ತಂದು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಡಿ. ವಿಶ್ರಾಂತಿಯೂ ಒಂದು ಗೌರವವೇ.

ಭಟ್ಟಿಯ ಮನೆಯವನು:

ನಮ್ಮದು ಬೇಕರಿ ಮನೆತನ. ನಮ್ಮ ತಂದೆಯವರ ಕಾಲದಲ್ಲಿ ಸೌದೆಯ ಭಟ್ಟಿ ಇತ್ತು. ಅತ್ತೆಯವರ ನಾನ್‌ಕಟಾಯಿ ಆಗ ಅಷ್ಟು ಚೆನ್ನಾಗಿ ಬರುತ್ತಿದ್ದುದಕ್ಕೆ ಒಂದು ಕಾರಣ ಹೇಳುತ್ತೇನೆ. ಭಟ್ಟಿಯೊಳಗೆ ಬೆಂಕಿ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡ ಎಳೆದು ಹಾಕಿ, ಮೊದಲ ಜೋರು ಕಾವಿನಲ್ಲಿ ಬ್ರೆಡ್ಡು ಬನ್ನು ಬೇಯಿಸುತ್ತಿದ್ದರು. ಅವು ಹೊರಬಂದ ಮೇಲೆ ಇಳಿಯುವ ಕಾವಿನಲ್ಲಿ ಮನೆಗಳಿಂದ ಬಂದ ತಟ್ಟೆಗಳು ಒಳಗೆ ಹೋಗುತ್ತಿದ್ದವು. ಉದ್ದ ಹಿಡಿಕೆಯ ಹಲಗೆಯಿಂದ ಒಳಗೆ ತಳ್ಳಿ, ನಡುವೆ ಒಮ್ಮೆ ತಟ್ಟೆ ತಿರುಗಿಸಿ ಇಡುತ್ತಿದ್ದರು. ಮೊದಲು ಬಿಸಿ, ಆಮೇಲೆ ತಣ್ಣಗಾಗುತ್ತ ಹೋಗುವ ಕಾವು, ಅದರಿಂದ ಮೇಲೆ ಬಣ್ಣ ಬರುವ ಮೊದಲೇ ಒಳಗೆ ಒಣಗುತ್ತಿತ್ತು. ಒಟಿಜಿಯಲ್ಲಿ ಇದನ್ನೇ ಮಾಡಬಹುದು. 180ಕ್ಕೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕಾಯಿಸಿ, ತಟ್ಟೆ ಇಟ್ಟ ಕೂಡಲೇ 160ಕ್ಕೆ ಇಳಿಸಿ. ಅರ್ಧದಲ್ಲಿ ತಟ್ಟೆ ತಿರುಗಿಸಿ, ಏಕೆಂದರೆ ಚಿಕ್ಕ ಒಟಿಜಿಯ ಹಿಂಭಾಗ ಹೆಚ್ಚು ಬಿಸಿ. 20 ನಿಮಿಷದ ಆಸುಪಾಸಿನಲ್ಲಿ ಆಗುತ್ತದೆ.

ಬೇಕರಿಯವರು ಕೊಡುತ್ತಿದ್ದ ಪುಡಿ ಅಮೋನಿಯಾ, ಅಂದರೆ ಅಮೋನಿಯಂ ಬೈಕಾರ್ಬೊನೇಟ್. ಕಾವಿಗೆ ಅದು ಪೂರ್ತಿ ಗಾಳಿಯಾಗಿ, ಆವಿಯಾಗಿ ಹೋಗುತ್ತದೆ. ತೆಳು ಬಿಸ್ಕತ್ತಿನಲ್ಲಿ ವಾಸನೆ ಉಳಿಯುವುದಿಲ್ಲ, ಗರಿ ಚೆನ್ನಾಗಿ ಬರುತ್ತದೆ. ದಪ್ಪ ಕೇಕಿಗೆ ಇದನ್ನು ಹಾಕುವುದಿಲ್ಲ. ಆದರೆ ಬೇಯುವಾಗ ಬಾಗಿಲು ತೆರೆದರೆ ಘಾಟು ನೇರ ಕಣ್ಣಿಗೆ ಹೊಡೆಯುತ್ತದೆ. ಈಗಷ್ಟೇ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಚಿಕ್ಕ ಮಕ್ಕಳು ಇರುವ ಫ್ಲಾಟಿನ ಅಡುಗೆಮನೆಯಲ್ಲಿ ಅದು ಬೇಡವೇ ಬೇಡ. ಸೋಡಾ ಮತ್ತು ಮೊಸರು ಸಾಕು.

ಮಂಗಳೂರಿನ ಅಡುಗೆಮನೆ:

ನಮ್ಮದು ಕ್ರಿಸ್‌ಮಸ್ಸಿನ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡುವ ಮನೆ. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡುವ ಕಿಡಿಯೊ ಇದೆಯಲ್ಲ, ಅದಕ್ಕೆ ನಮ್ಮಲ್ಲಿ ಅಜ್ಜಿಯೂ ಮಕ್ಕಳೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಪ್ಲಮ್ ಕೇಕಿಗೆ ಸಕ್ಕರೆ ಕರಗಿಸಿ ಕಪ್ಪು ಮಾಡುವಾಗ ಅಜ್ಜಿ ಒಲೆಯಿಂದ ದೂರ, ಕುರ್ಚಿಯಲ್ಲಿ ಇರುತ್ತಾರೆ. ನಾನು ಸೌಟಿನಿಂದ ಒಂದು ಹನಿ ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ ಅವರ ಮುಂದೆ ಹಿಡಿಯುತ್ತೇನೆ. ಬಿಳಿಯ ಮೇಲೆ ಬಣ್ಣ ಅವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. “ಇನ್ನೂ ಸ್ವಲ್ಪ” ಅಥವಾ “ನೀರು ಹಾಕು” ಎನ್ನುತ್ತಾರೆ. ನಿಮ್ಮ ನಾನ್‌ಕಟಾಯಿಯ ತಳವನ್ನೂ ಹೀಗೆ ಬಿಳಿ ತಟ್ಟೆಯಲ್ಲಿಟ್ಟು ತೋರಿಸಿ.

ಧಾರವಾಡದ ಕಾಕು:

ಶಾಂತಚಿತ್ತ ಅವರೇ, ನಿಮ್ಮ ಮಾತಿನ ಹಿಂದೆ ಕರುಣೆ ಇದೆ, ತಿಳಿಯುತ್ತದೆ. ಆದರೆ ಇಲ್ಲಿ ಯಾರೂ ಅವರನ್ನು ಹಿಟ್ಟಿಗೆ ಹಚ್ಚಿಲ್ಲ, ಅವರೇ ಕೇಳಿದ್ದಾರೆ. ಮನೆ ಬಿಟ್ಟು ಬಂದವರಿಗೆ, ಓಣಿಯ ಪರಿಚಯದವರನ್ನೆಲ್ಲ ಬಿಟ್ಟು ಬಂದವರಿಗೆ, ‘ನೀವು ಏನೂ ಮಾಡಬೇಡಿ, ಆರಾಮಾಗಿರಿ’ ಎನ್ನುವ ಮಾತು ಎಷ್ಟು ಭಾರ ಎಂದು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಮಾವಶಿ ಒಂದು ವರ್ಷ ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲರೂ ಸೇರಿ ಅವರಿಗೆ ವಿಶ್ರಾಂತಿ ಕೊಟ್ಟೆವು. ಅವರು ಕೇಳಿದ್ದು “ನಾನು ಈ ಮನೆಗೆ ನೆಂಟಳೇನು?” ಎಂದು. ಕೆಲಸದ ಭಾರ ಇಳಿಸೋಣ, ಕೆಲಸದ ಅಧಿಕಾರ ಕಸಿಯುವುದು ಬೇಡ. ಡಬ್ಬಿ ಎತ್ತುವುದು, ತಟ್ಟೆ ತೊಳೆಯುವುದು, ಬಗ್ಗುವುದು, ನಿಲ್ಲುವುದು ಎಲ್ಲವನ್ನೂ ಸೊಸೆ ಮೊಮ್ಮಕ್ಕಳು ಮಾಡಲಿ. ಸಾಕು ಎಂದು ಹೇಳುವ ಹಕ್ಕು ಅವರದಾಗಿರಲಿ. ದಣಿದರೆ ಹಿಟ್ಟು ಮುಚ್ಚಿಟ್ಟು ಮಲಗಿ ಎದ್ದು ಬರಲಿ, ನಾನ್‌ಕಟಾಯಿಯ ಹಿಟ್ಟು ಒಂದೆರಡು ತಾಸಿಗೆ ಕೆಡುವುದಿಲ್ಲ.

ಗದಗಿನ ಸೊಸೆ:

ಕಾಕು ಅವರೇ, ಭಟ್ಟಿಯ ಮನೆಯ ಅಣ್ಣ, ಎಲ್ಲರಿಗೂ ಧನ್ಯವಾದ. ಶನಿವಾರ ಮಾಡಿದೆವು.

ಮಗನ ಓದುವ ಮೇಜಿನ ಮೇಲೆ ಪರಾತ ಇಟ್ಟೆ. ಅತ್ತೆಯವರು ಬಳೆಗಳನ್ನು ಮೇಲಕ್ಕೆ ಏರಿಸಿ, ಸೆರಗು ಸಿಕ್ಕಿಸಿ, ಮೊದಲು ತುಪ್ಪವನ್ನು ಮೂಸಿ ನೋಡಿದರು. ಎಮ್ಮೆಯ ತುಪ್ಪ ಎಂದು ಕಣ್ಣು ಹಾಯಿಸದೆ ಹೇಳಿದರು, ನಿಜವೇ. ತಿಕ್ಕಲು ಶುರುಮಾಡಿದ ಮೇಲೆ ನಾನು ಎಂದೂ ಕೇಳದ ಹೆಸರುಗಳು ಬಂದವು. ಯಾರ ಮನೆಯ ತಟ್ಟೆ ಭಟ್ಟಿಯಲ್ಲಿ ಕರಿದಾಯಿತು, ಯಾವ ನೆಗೆಣ್ಣಿ ತನ್ನ ಚೀಟಿ ಬದಲಿಸಿ ಇವರ ತಟ್ಟೆ ಒಯ್ದಳು ಎಂದೆಲ್ಲ. ಮಗಳು ಮತ್ತೆ ಮತ್ತೆ “ಆಮೇಲೆ?” ಎನ್ನುತ್ತಿದ್ದಳು. ಮಗ ಮೊಬೈಲು ಮುಟ್ಟಲಿಲ್ಲ, ಅವನ ಎರಡೂ ಅಂಗೈ ತುಪ್ಪ.

ಅವನ ವಹಿಯ ಲೆಕ್ಕ ಇಲ್ಲಿ ಹಾಕುತ್ತೇನೆ: ಮೈದಾ 340, ಕಡಲೆಹಿಟ್ಟು 85, ರವೆ 30, ತುಪ್ಪ 250, ಸಕ್ಕರೆ 235. ಸರಿಸಮ ಎಂದು ಹೇಳುತ್ತಿದ್ದರೂ ಸಕ್ಕರೆಯಲ್ಲಿ ಕೈ ಹಿಡಿದಿದ್ದಾರೆ, ಕಡಲೆಹಿಟ್ಟು ಕಾಕು ಅವರದಕ್ಕಿಂತ ಮುಂದಿದೆ. ಒಂದನ್ನು ಬೇಯಿಸಿ ಬಿಳಿ ತಟ್ಟೆಯಲ್ಲಿಟ್ಟು ತೋರಿಸಿದಾಗ ಇನ್ನೆರಡು ನಿಮಿಷ ಎಂದರು. ಹಾಗೇ ಇಟ್ಟೆ, ತಳ ಹೊಂಬಣ್ಣಕ್ಕೆ ಬಂತು. ಉಳಿದ ತಟ್ಟೆಗಳೆಲ್ಲ ಆ ಹೊತ್ತಿಗೇ ಸರಿಯಾದವು. ಅಮೋನಿಯಾ ಇಲ್ಲದ್ದು ಅವರಿಗೆ ಗೊತ್ತಾಯಿತು, ಆ ಗರಿ ಬಂದಿಲ್ಲ ಎಂದರು. ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು ವೈದ್ಯರು ಒಪ್ಪಿದ ಮೇಲೆ ನೋಡೋಣ ಎಂದಿದ್ದೇನೆ.

ಈಗ ಅವರಿಂದಲೇ ಹೊಸ ಬೇಡಿಕೆ ಬಂದಿದೆ, ಖಾರಾ ಬಿಸ್ಕತ್ತು. ಹಸಿಮೆಣಸಿನಕಾಯಿಯನ್ನು ಸಣ್ಣಗೆ ಹೆಚ್ಚಬೇಕು ಎನ್ನುತ್ತಾರೆ ಅತ್ತೆ, ಕುಟ್ಟಿ ಹಾಕಿದರೆ ಖಾರ ಸಮನಾಗಿ ಹರಡುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು. ಭಟ್ಟಿಯ ಮನೆಯ ಅಣ್ಣ, ನಿಮ್ಮಲ್ಲಿ ಹೇಗೆ ಮಾಡುತ್ತಿದ್ದರು?

ಭಟ್ಟಿಯ ಮನೆಯವನು:

ಅತ್ತೆಯವರು ಹೇಳಿದ್ದೇ ಸರಿ. ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಹಾಕಿ. ಕುಟ್ಟಿದರೆ ನೀರು ಬಿಟ್ಟು ಬಿಸ್ಕತ್ತು ಮೆತ್ತಗಾಗುತ್ತದೆ. ಕರಿಬೇವು, ಕೊತ್ತಂಬರಿ ಸೊಪ್ಪನ್ನೂ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಹೆಚ್ಚಿ. ಹೆಚ್ಚುವ ಕೆಲಸ ಮಕ್ಕಳಿಗೆ ಕೊಡಬೇಡಿ, ಆ ಕೈ ಕಣ್ಣಿಗೆ ಹೋಗುತ್ತದೆ.